ಡಬ್ಬಿ ಕಳಿಸಬೇಕೋ, ದುಡ್ಡು ಕಳಿಸಬೇಕೋ? ಒಂದು ಕಾಮರ್ಸ್ ಲೆಕ್ಕ

ಹಾಸ್ಟೆಲ್‌ನಲ್ಲಿ ಓದುವ ಮಕ್ಕಳಿಗೆ ಮನೆಯವರು ತಿಂಡಿ, ಸಾಮಾನು ತುಂಬಿ ಕಳಿಸುವ ಡಬ್ಬಿಗೆ ಈಗ ಎಲ್ಲರೂ ಕೇರ್ ಪ್ಯಾಕೇಜ್ ಅನ್ನುತ್ತಾರೆ. ಈ ಹೆಸರು ಬಂದದ್ದು ಕಾಲೇಜಿನಿಂದಲ್ಲ, ಹಸಿವಿನಿಂದ. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ಎಷ್ಟೋ ಊರುಗಳಲ್ಲಿ ಊಟಕ್ಕೆ ತತ್ವಾರವಾಗಿತ್ತು. 1945ರ ನವೆಂಬರ್‌ನಲ್ಲಿ ಅಮೆರಿಕದ 22 ಸಂಸ್ಥೆಗಳು ಸೇರಿ ‘ಕೇರ್’ ಎಂಬ ಸಂಸ್ಥೆ ಕಟ್ಟಿದವು. ಅಮೆರಿಕದಲ್ಲಿ ಇದ್ದವರು 10 ಡಾಲರ್ ಕಟ್ಟಿದರೆ ಯುರೋಪಿನಲ್ಲಿರುವ ಅವರ ನೆಂಟರಿಗೆ ಒಂದು ಆಹಾರದ ಪೆಟ್ಟಿಗೆ ತಲುಪುತ್ತಿತ್ತು. ಮೊದಲ ಪೆಟ್ಟಿಗೆಗಳು 1946ರ ಮೇ 11ರಂದು ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಇಳಿದವು. ಸೈನಿಕರಿಗೆಂದು ತಯಾರಿಸಿ ಉಳಿದುಹೋಗಿದ್ದ ಆಹಾರವೇ ಆಗ ಅದರಲ್ಲಿ ಇದ್ದದ್ದು.

ಕಾಮರ್ಸ್ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇದರ ಹೆಸರಿನಲ್ಲಿದೆ. ಕೇರ್ ಎಂಬುದು ನಾಲ್ಕು ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಅದರಲ್ಲಿ ಒಂದು ಪದ ‘ರೆಮಿಟೆನ್ಸಸ್’, ಅಂದರೆ ದೂರದಲ್ಲಿರುವ ತಮ್ಮವರಿಗೆ ಕಳಿಸುವ ಹಣ. ಹಣ ಕಳಿಸುವ ಬದಲು ಊಟ ಯಾಕೆ ಕಳಿಸಿದರು? ಹಣ ತಲುಪಿದರೂ ಅಲ್ಲಿನ ಅಂಗಡಿಯಲ್ಲಿ ಕೊಳ್ಳಲು ಸಾಕಷ್ಟು ಪದಾರ್ಥ ಇರಲಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಮ್ಮ ಕಡೆಗೆ ಇದೇನೂ ಹೊಸದಲ್ಲ. ಹಳ್ಳಿಯಿಂದ ಹುಬ್ಬಳ್ಳಿ, ಧಾರವಾಡ, ವಿಜಯಪುರಕ್ಕೆ ಓದಲು ಬಂದು ರೂಮ್ ಮಾಡಿಕೊಂಡಿರುವ ಹುಡುಗರಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಬಟ್ಟೆಯಲ್ಲಿ ಗಂಟು ಕಟ್ಟಿದ ರೊಟ್ಟಿ, ಒಂದು ಡಬ್ಬಿಯಲ್ಲಿ ಪಲ್ಯ, ಇನ್ನೊಂದರಲ್ಲಿ ಹಿಂಡಿ. ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಸ್ಟ್ಯಾಂಡಿನಲ್ಲಿ ಹುಡುಗ ಕಾಯುತ್ತಿರುತ್ತಾನೆ. ಉರ್ದುವಿನಲ್ಲಿ ಬುತ್ತಿಗೆ ತೋಶಾ ಅನ್ನುತ್ತೇವೆ. ಎರಡೂ ಪದ ಮೊದಲು ದಾರಿಯಲ್ಲಿ ತಿನ್ನುವ ಊಟಕ್ಕೇ ಇದ್ದವು. ಈಗ ಮನುಷ್ಯ ಮುಂದೆ ಹೋಗಿರುತ್ತಾನೆ, ಬುತ್ತಿ ಹಿಂದಿನಿಂದ ಬರುತ್ತದೆ.

ಈಗ ಪ್ರಶ್ನೆಗೆ ಬರೋಣ. ಯುಪಿಐ ಬಂದು (2016) ಇಷ್ಟು ವರ್ಷ ಆಯಿತು. ಮನೆಯಲ್ಲಿ ಕೂತು ಒಂದು ನಿಮಿಷದಲ್ಲಿ, ಒಂದು ಪೈಸೆ ಸಾಗಣೆ ಖರ್ಚಿಲ್ಲದೆ ಮಗಳಿಗೆ ದುಡ್ಡು ಕಳಿಸಬಹುದು. ಹಾಗಿದ್ದ ಮೇಲೆ ಡಬ್ಬಿ ಕಳಿಸುವುದು ಲಾಭವೋ ನಷ್ಟವೋ?

ನಷ್ಟ ಎಂದು ಹೇಳಿದವರಲ್ಲಿ ಪ್ರಸಿದ್ಧರು ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ. 1993ರಲ್ಲಿ ಅವರು ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಪ್ರಶ್ನೆ ಕೇಳಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮಂಥ ವಿದ್ಯಾರ್ಥಿಗಳಿಗೆ (ನಮಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು). ನಿನಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ಖರ್ಚು ಮಾಡಿರಬಹುದು? ಅದೇ ವಸ್ತುವನ್ನು ನೀನೇ ಕೊಳ್ಳುವುದಾದರೆ ಹೆಚ್ಚೆಂದರೆ ಎಷ್ಟು ಕೊಡುತ್ತಿದ್ದೆ? ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ನಷ್ಟ. ಅವರ ಲೆಕ್ಕದ ಪ್ರಕಾರ ಉಡುಗೊರೆಯ ಬೆಲೆಯಲ್ಲಿ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹೀಗೆ ಯಾರಿಗೂ ಸಿಗದೆ ಹಾಳಾಗುತ್ತದೆ. ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ. ಅಜ್ಜ ಅಜ್ಜಿ, ಚಿಕ್ಕಪ್ಪ ಅತ್ತೆ ಇಂಥವರು ಕೊಟ್ಟದ್ದರಲ್ಲಿ ಜಾಸ್ತಿ, ಯಾಕೆಂದರೆ ಮೊಮ್ಮಗನಿಗೆ ಏನು ಬೇಕು ಎಂದು ಅವರಿಗೆ ಅಷ್ಟು ಗೊತ್ತಿರುವುದಿಲ್ಲ. ಬಹುಶಃ ಅದಕ್ಕೇ ಅಜ್ಜ ಅಜ್ಜಿಯರು ವಸ್ತುವಿಗಿಂತ ನಗದು ಕೊಡುವುದು ಹೆಚ್ಚು ಎಂದೂ ಅವರು ಕಂಡುಕೊಂಡರು. ಈದ್ ದಿನ ನಾನಿ ನಮಗೆಲ್ಲ ಈದಿ ಎಂದು ನೋಟನ್ನೇ ಕೊಡುತ್ತಾರೆ. ಅವರು ಅರ್ಥಶಾಸ್ತ್ರ ಓದಿಲ್ಲ.

ಇಲ್ಲಿಗೆ ಅಬ್ಬಾ ಗೆದ್ದ ಹಾಗಾಯಿತು. ನಮ್ಮ ಮನೆಯಲ್ಲಿ ದುಡ್ಡಿನ ಪಕ್ಷ ಅವರದು, ಡಬ್ಬಿಯ ಪಕ್ಷ ಅಮ್ಮಿಯದು. ಆದರೆ ಆ ಪ್ರಬಂಧದ ಪ್ರಶ್ನೆಯಲ್ಲಿ ಒಂದು ಷರತ್ತಿತ್ತು: ಆ ವಸ್ತುವಿನ ಮೇಲಿನ ಭಾವನೆಯ ಬೆಲೆಯನ್ನು ಬಿಟ್ಟು ಉತ್ತರ ಹೇಳಿ ಎಂದು. ಅಂದರೆ ಉಪ್ಪು ತೆಗೆದು ಸಾರಿನ ರುಚಿ ಕೇಳಿದ ಹಾಗೆ. ಈ ಲೆಕ್ಕವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. 1996ರಲ್ಲಿ ಇಬ್ಬರು ಸಂಶೋಧಕರು ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಿ, ಉಡುಗೊರೆ ಪಡೆದವರು ಅದಕ್ಕೆ ಕೊಟ್ಟ ಬೆಲೆಗಿಂತ ಹೆಚ್ಚು ಮೌಲ್ಯ ಕಟ್ಟುತ್ತಾರೆ ಎಂದು ತೋರಿಸಿದರು. ಕಾಣಿಕೆ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಕೀಳಾಗಿ ನೋಡಬಾರದು ಎಂಬ ಬೋಧನೆ ಹದೀಸಿನಲ್ಲೂ ಇದೆ. ಅಲ್ಲಿ ಬರುವ ಉದಾಹರಣೆ ಕುರಿಯ ಗೊರಸು. (ಪಾಯಾ ಮಾಡುವ ಮನೆಯವರಿಗೆ ಅದು ಚಿಕ್ಕ ಕಾಣಿಕೆ ಅಂತ ಅನ್ನಿಸುವುದೇ ಇಲ್ಲ, ಆ ಮಾತು ಬೇರೆ.)

ಆದರೂ ವಾಲ್ಡ್‌ಫೋಗೆಲ್ ಹೇಳಿದ್ದು ಪೂರ್ತಿ ಅನ್ವಯಿಸುವ ಒಂದು ವಸ್ತು ಇದೆ. ಅದು ಅಂಗಡಿಯ ಗಿಫ್ಟ್ ಹ್ಯಾಂಪರ್. ಬುಟ್ಟಿ, ಬಣ್ಣದ ಕಾಗದ, ಮೇಲೆ ಪಾರದರ್ಶಕ ಹಾಳೆ, ರಿಬ್ಬನ್. ಒಳಗೆ ಎರಡು ಚಾಕಲೇಟ್, ಸ್ವಲ್ಪ ಗೋಡಂಬಿ, ಒಂದು ಜ್ಯೂಸ್, ಒಂದು ಕೂಲ್‌ಡ್ರಿಂಕ್ಸ್. ವ್ಯವಹಾರ ಅಧ್ಯಯನದಲ್ಲಿ ಮೂರು ಹಂತದ ಪ್ಯಾಕೇಜಿಂಗ್ ಓದಿದ್ದೇವೆ: ವಸ್ತುವಿಗೆ ಅಂಟಿಕೊಂಡಿರುವುದು, ಅದರ ಮೇಲಿನದು, ಸಾಗಣೆಗೆ ಬೇಕಾದದ್ದು. ಹ್ಯಾಂಪರಿನಲ್ಲಿ ಇವು ಮೂರೂ ಅಲ್ಲದ ನಾಲ್ಕನೆಯದೊಂದು ಇರುತ್ತದೆ, ಫೋಟೋಕ್ಕೆ ಬೇಕಾದದ್ದು.

ಇದರ ತೆರಿಗೆಯ ವಿಷಯ ಇನ್ನೂ ಸ್ವಾರಸ್ಯ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ‘ಮಿಶ್ರ ಪೂರೈಕೆ’ ಎಂಬ ವ್ಯಾಖ್ಯಾನ ಬರುತ್ತದೆ. ಬೇರೆ ಬೇರೆಯಾಗಿ ಮಾರಬಹುದಾದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆ. ಕಾಯ್ದೆಯೇ ಅದಕ್ಕೆ ಉದಾಹರಣೆ ಕೊಡುತ್ತದೆ, ಮತ್ತು ಆ ಉದಾಹರಣೆ ಬೇರೇನೂ ಅಲ್ಲ, ಸಿಹಿತಿಂಡಿ, ಚಾಕಲೇಟ್, ಕೇಕ್, ಒಣಹಣ್ಣು, ಗ್ಯಾಸ್ ತುಂಬಿದ ಪಾನೀಯ, ಹಣ್ಣಿನ ರಸ ಇಂಥವೆಲ್ಲ ಇರುವ ಪೊಟ್ಟಣವೇ. 8ನೇ ಸೆಕ್ಷನ್ ಪ್ರಕಾರ ಇಂಥ ಪೊಟ್ಟಣಕ್ಕೆ, ಒಳಗಿರುವ ವಸ್ತುಗಳಲ್ಲಿ ಯಾವುದಕ್ಕೆ ಅತಿ ಹೆಚ್ಚು ದರವೋ ಆ ದರವೇ ಪೂರ್ತಿ ಬೆಲೆಗೆ ಅನ್ವಯ. 2025ರ ಸೆಪ್ಟೆಂಬರ್ 22ರಿಂದ ಚಾಕಲೇಟಿಗೂ ಒಣಹಣ್ಣಿಗೂ 5% ಇದೆ, ಸಕ್ಕರೆ ಹಾಕಿದ ಗ್ಯಾಸ್ ಪಾನೀಯಕ್ಕೆ 40%. ತೆರಿಗೆಗೆ ಮುಂಚೆ ₹1,000 ಬೆಲೆಯ ಹ್ಯಾಂಪರಿನಲ್ಲಿ ಚಾಕಲೇಟ್, ಒಣಹಣ್ಣು ಮಾತ್ರ ಇದ್ದರೆ ತೆರಿಗೆ ₹50. ಮೂಲೆಯಲ್ಲಿ ಒಂದು ಚಿಕ್ಕ ಬಾಟಲಿ ಕೂಲ್‌ಡ್ರಿಂಕ್ಸ್ ಇಟ್ಟು ಅದನ್ನೂ ಸೇರಿಸಿ ಅದೇ ₹1,000ಕ್ಕೆ ಮಾರಿದರೆ ತೆರಿಗೆ ₹400. ಎಲ್ಲವನ್ನೂ ಬೇರೆ ಬೇರೆ ಬೆಲೆ ಹಾಕಿ ಬಿಲ್ ಮಾಡಿದರೆ ಬಾಟಲಿಗೆ ಮಾತ್ರ 40% ಬೀಳುತ್ತದೆ. ಮನೆಯಲ್ಲಿ ನಾವೇ ತುಂಬಿದ ಡಬ್ಬಿಗೆ ಈ ತೊಂದರೆಯೇ ಇಲ್ಲ.

ಇನ್ನು ಸಾಗಣೆ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಲೆಕ್ಕ ಇದೆ. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ, ಡಬ್ಬಿ ಗಾಡಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಉತ್ತರವನ್ನು ಕೆಜಿ ಎಂದು ಹಿಡಿದು, ಇದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 40, 30, 30 ಸೆಂ.ಮೀ. ಪೆಟ್ಟಿಗೆಯ ತುಂಬ ಚುರುಮುರಿ ಕಳಿಸುತ್ತೀರಿ ಎಂದಿಟ್ಟುಕೊಳ್ಳಿ. ತಕ್ಕಡಿಯಲ್ಲಿ ಅದು ಮೂರು ಕೆಜಿ ತೂಗಬಹುದು. ಗುಣಿಸಿದರೆ 36,000, ಭಾಗಿಸಿದರೆ 7.2. ನೀವು ಹಣ ಕೊಡುವುದು 7.2 ಕೆಜಿಗೆ. ಅರ್ಧಕ್ಕಿಂತ ಹೆಚ್ಚು ದುಡ್ಡು ಗಾಳಿಯನ್ನು ಸಾಗಿಸಲು ಹೋಯಿತು. ಅದೇ ಖರ್ಜೂರ ಒತ್ತಿ ತುಂಬಿದ ಡಬ್ಬಿಯಲ್ಲಿ ಗಾಳಿಗೆ ಜಾಗವೇ ಇಲ್ಲ. ಗಿಫ್ಟ್ ಹ್ಯಾಂಪರಿನ ಬುಟ್ಟಿಯ ಗತಿ ಏನು ಎಂದು ನೀವೇ ಲೆಕ್ಕ ಹಾಕಿ.

ಬಸ್ಸಿನ ಪಾರ್ಸೆಲ್ ಇನ್ನೊಂದು ದಾರಿ. ನಮ್ಮ ರಾಜ್ಯದ ಸಾರಿಗೆ ನಿಗಮಗಳು 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ಇದನ್ನು ವ್ಯವಸ್ಥಿತವಾಗಿ ಶುರು ಮಾಡಿದವು. ರಾತ್ರಿ ಹಾಕಿದ್ದು ಬೆಳಗ್ಗೆ ಆ ಊರಿನ ನಿಲ್ದಾಣದಲ್ಲಿರುತ್ತದೆ. ಆದರೆ ನಿಲ್ದಾಣಕ್ಕೆ ಹೋಗಿ ತರಬೇಕು. ಹಾಸ್ಟೆಲ್ ಹುಡುಗಿಗೆ ಹೊರಗೆ ಹೋಗಲು ಅನುಮತಿ ಚೀಟಿ ಬೇಕು, ಆಟೋ ಬಾಡಿಗೆ ಬೇಕು, ಒಂದು ಹೊತ್ತಿನ ಕ್ಲಾಸು ಹೋಗಬಹುದು. ಇವೆಲ್ಲ ರಸೀದಿಯಲ್ಲಿ ಬರೆಯದ ಖರ್ಚುಗಳು. ಇವುಗಳಲ್ಲಿ ಕೈತಪ್ಪಿದ ಕ್ಲಾಸಿಗೇ ಅವಕಾಶ ವೆಚ್ಚ ಎನ್ನುವುದು.

ಏನು ಕಳಿಸಬೇಕು ಎನ್ನುವುದು ಊರಿನ ಮೇಲೆ ನಿಂತಿದೆ, ಇದನ್ನು ಯಾರೂ ಯೋಚಿಸುವುದಿಲ್ಲ. ನನ್ನ ಆಪಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಡಕ್ ರೊಟ್ಟಿ ನಮ್ಮ ಹುಬ್ಬಳ್ಳಿ ಹವೆಯಲ್ಲಿ ಒಂದು ತಿಂಗಳಾದರೂ ಮುರಿದರೆ ಸದ್ದು ಬರುತ್ತದೆ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ. ಡಬ್ಬಿ ತೆರೆದ ನಾಲ್ಕೇ ದಿನಕ್ಕೆ ರೊಟ್ಟಿ ಚರ್ಮದ ಹಾಗೆ ಬಾಗುತ್ತದೆ, ಇನ್ನೂ ಬಿಟ್ಟರೆ ಬೂಷ್ಟು. ರೊಟ್ಟಿ ಕೆಡದಿರುವುದು ಅದರಲ್ಲಿ ನೀರಿಲ್ಲದ್ದರಿಂದ. ಗಾಳಿಯಿಂದ ನೀರು ಎಳೆದುಕೊಂಡರೆ ಅದೂ ಮಾಮೂಲಿ ರೊಟ್ಟಿಯೇ. ಹಾಗಾಗಿ ಅಮ್ಮಿ ಈಗ ಹತ್ತು ಹತ್ತು ರೊಟ್ಟಿಯ ಕಟ್ಟು ಮಾಡಿ, ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಮುಚ್ಚಿ ಕಳಿಸುತ್ತಾರೆ. ಒಂದು ಕಟ್ಟು ಮುಗಿದ ಮೇಲೆ ಇನ್ನೊಂದು ಬಿಚ್ಚಬೇಕು. ಖರ್ಜೂರದಲ್ಲಿ ತೇವ ಇದ್ದರೂ ಕೆಡುವುದಿಲ್ಲ, ಅದರ ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೆ ಬಿಡುವುದಿಲ್ಲ. ಶೇಂಗಾ ಹಿಂಡಿಗೆ ಶತ್ರು ನೀರಲ್ಲ, ಗಾಳಿ ಮತ್ತು ಬಿಸಿಲು. ಅದರ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ. ಉಪ್ಪಿನಕಾಯಿಯ ವಿಷಯ ಬೇಡವೇ ಬೇಡ. ಎಷ್ಟು ಬಿಗಿ ಮುಚ್ಚಳ ಹಾಕಿದರೂ ಎಣ್ಣೆ ದಾರಿ ಹುಡುಕಿಕೊಂಡು ನೋಟ್‌ಬುಕ್ಕಿಗೇ ಬರುತ್ತದೆ.

ಇಷ್ಟು ಹೊತ್ತು ಹೇಳಿದ್ದರಲ್ಲಿ ದುಡ್ಡಿನ ಪಕ್ಷವೇ ಮುಂದಿದೆ. ಸಾಗಣೆ ಖರ್ಚು, ಕೆಡುವ ಭಯ, ನಿಲ್ದಾಣಕ್ಕೆ ಅಲೆದಾಟ ಯಾವುದೂ ದುಡ್ಡಿಗಿಲ್ಲ. ಅದು ಸೋಲುವುದು ಬೆಳಗಿನ ಜಾವ ನಾಲ್ಕೂವರೆಗೆ.

2025ರಲ್ಲಿ ರಂಜಾನ್ ಮಾರ್ಚ್ ತಿಂಗಳಲ್ಲಿ ಬಂತು. ನಮ್ಮ ಸೀನಿಯರ್‌ಗಳಿಗೆ ನೆನಪಿರುತ್ತದೆ, ದ್ವಿತೀಯ ಪಿಯುಸಿ ಪರೀಕ್ಷೆ-1 ಕೂಡ ಅದೇ ತಿಂಗಳು. ಆಪಾಳಿಗೆ ಹಾಸ್ಟೆಲ್‌ನಲ್ಲಿ ಅದು ಮೊದಲ ರಂಜಾನ್. ಮೆಸ್ಸಿನ ಬಾಗಿಲು ತೆರೆಯುವುದು ಬೆಳಗ್ಗೆ ಏಳೂವರೆಗೆ. ಸೆಹ್ರಿ ಮುಗಿಯುವುದು ಐದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ. ಹಾಸ್ಟೆಲ್ ಗೇಟಿಗೆ ರಾತ್ರಿಯೇ ಬೀಗ. ರೂಮಿನಲ್ಲಿ ಸ್ಟವ್ ಇಡುವ ಹಾಗಿಲ್ಲ, ಅದು ಸರಿಯಾದ ನಿಯಮವೇ. ಅಬ್ಬಾ ರಂಜಾನ್ ಶುರುವಾಗುವ ಮುಂಚೆಯೇ ಅವಳಿಗೆ ₹2,000 ಹಾಕಿದ್ದರು, ಚೆನ್ನಾಗಿ ಸೆಹ್ರಿ ಮಾಡು ಎಂದು. ಆ ದುಡ್ಡು ಫೋನಿನಲ್ಲಿ ಹಾಗೇ ಇತ್ತು, ಅವಳು ನೀರು ಮತ್ತು ಬಿಸ್ಕತ್ತಿನ ಮೇಲೆ ರೋಜಾ ಹಿಡಿಯುತ್ತಿದ್ದಳು. ಬೆಳಗ್ಗೆ ಎಂಟರಿಂದ ಆಸ್ಪತ್ರೆಯ ವಾರ್ಡಿನಲ್ಲಿ ನಿಂತೇ ಇರಬೇಕು. ನಾಲ್ಕನೇ ರೋಜಾ ದಿನ ತಲೆ ಸುತ್ತಿ ಕೂತುಬಿಟ್ಟಳು. ಮನೆಗೆ ಹೇಳಲಿಲ್ಲ. ಅವಳ ರೂಮಿನ ಹುಡುಗಿ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು.

ಹಣದ ದೊಡ್ಡ ಗುಣ ದ್ರವ್ಯತೆ, ಯಾವಾಗ ಬೇಕಾದರೂ ಏನಾಗಿ ಬೇಕಾದರೂ ಬದಲಾಗುತ್ತದೆ ಎಂದು ಓದುತ್ತೇವೆ. ಅದಕ್ಕೆ ತೆರೆದಿರುವ ಒಂದು ಅಂಗಡಿ ಬೇಕು ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ. ಲ ಹಾವ್ರ್ ಬಂದರಿನಲ್ಲಿ 1946ರಲ್ಲಿ ಇದ್ದ ಸ್ಥಿತಿಯೇ ಬೀಗ ಹಾಕಿದ ಹಾಸ್ಟೆಲ್‌ನಲ್ಲಿ ಬೆಳಗಿನ ಜಾವಕ್ಕೂ ಇರುತ್ತದೆ, ಯುದ್ಧ ಮಾತ್ರ ಇಲ್ಲ.

ಅಂದು ಸಂಜೆಯೇ ಅಮ್ಮಿ ಡಬ್ಬಿ ತುಂಬಿದರು. ಏನೇನು ಹಾಕಿದರು ಎಂದು ಬರೆಯುತ್ತೇನೆ, ಬೇಕಾದವರು ನೋಡಿ ಮಾಡಿಕೊಳ್ಳಬಹುದು. ಖರ್ಜೂರ ಒಂದು ಕೆಜಿ. ನಲವತ್ತು ಕಡಕ್ ರೊಟ್ಟಿ. ಶೇಂಗಾ ಹಿಂಡಿ. ಪುಟಾಣಿಯನ್ನು ಬೆಲ್ಲದ ಜೊತೆ ಪುಡಿ ಮಾಡಿದ್ದು ಅರ್ಧ ಕೆಜಿ, ಇದಕ್ಕೆ ಒಲೆ ಬೇಡ, ನೀರಿನಲ್ಲಿ ಕಲಸಿದರೆ ಸಾಕು, ಹೊಟ್ಟೆ ಮಧ್ಯಾಹ್ನದವರೆಗೂ ಹಿಡಿದಿರುತ್ತದೆ. ಹಾಲಿನ ಪುಡಿ ಒಂದು ಪ್ಯಾಕೆಟ್. ತೆಳು ಅವಲಕ್ಕಿ ಸ್ವಲ್ಪ, ಅದೂ ಡಬ್ಬಿಯ ಸಂದುಗಳನ್ನು ತುಂಬಲು, ರೊಟ್ಟಿ ಅಲ್ಲಾಡಿ ಪುಡಿಯಾಗದಿರಲಿ ಎಂದು. ಪ್ಯಾಕಿಂಗಿಗೆ ಹಾಕಿದ್ದನ್ನೂ ತಿನ್ನಬಹುದು, ಇದು ಯಾವ ಪಠ್ಯದಲ್ಲೂ ಇಲ್ಲದ ಅಮ್ಮಿಯ ಸ್ವಂತ ಬುದ್ಧಿ. ಸಾಮಾನು, ಪಾರ್ಸೆಲ್ ಎಲ್ಲ ಸೇರಿ ₹900ರ ಆಸುಪಾಸು ಆಯಿತು. ಅಮ್ಮಿ ಮತ್ತು ಪಕ್ಕದ ಮನೆಯ ಕಾಕಿ ರೊಟ್ಟಿ ಬಡಿದ ಕೂಲಿಯನ್ನು ನಾನು ಸೇರಿಸಿಲ್ಲ. ಸೇರಿಸೋಣ ಎಂದರೆ ಕಾಕಿ ಬೈದರು.

ಆದರೆ ಡಬ್ಬಿಗೂ ಒಂದು ಸಮಸ್ಯೆ ಇದೆ, ಅದನ್ನು ಹೇಳದಿದ್ದರೆ ಲೆಕ್ಕ ಪೂರ್ತಿ ಆಗುವುದಿಲ್ಲ. ಆಪಾಳ ರೂಮಿನಲ್ಲಿ ನಾಲ್ವರು. ಮೂವರಿಗೆ ಮನೆಯಿಂದ ಏನಾದರೂ ಬರುತ್ತದೆ. ನಾಲ್ಕನೆಯವಳಿಗೆ ಬರುವುದಿಲ್ಲ. ಅವಳು ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಿದ್ದಾಳೆ, ಮನೆಯಲ್ಲಿ ತಾಯಿ ಒಬ್ಬರೇ, ಕೂಲಿಗೆ ಹೋಗುತ್ತಾರೆ. ಯಾರದ್ದಾದರೂ ಪಾರ್ಸೆಲ್ ಬಂದ ದಿನ ಅವಳು ಫೋನ್ ಬಂತು ಎಂದು ಹೊರಗೆ ಹೋಗುತ್ತಾಳೆ, ಡಬ್ಬಿ ಬಿಚ್ಚಿ ಮುಗಿದ ಮೇಲೆ ಬರುತ್ತಾಳೆ. ಫೋನ್ ಬಂದಿರುವುದಿಲ್ಲ. ಆಪಾಳ ಬಗ್ಗೆ ಮನೆಗೆ ಫೋನ್ ಮಾಡಿದ್ದು ಇದೇ ಹುಡುಗಿ. ಅವಳು ರೋಜಾ ಇಡುವವಳಲ್ಲ, ಆದರೂ ನಾಲ್ಕೂವರೆಗೆ ಅಲಾರಂ ಇಟ್ಟು ಆಪಾಳನ್ನು ಎಬ್ಬಿಸುತ್ತಿದ್ದವಳು ಅವಳೇ.

ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ನಮಗೆಲ್ಲ ಬಾಯಿಪಾಠ. ಮೊದಲ ಖರ್ಜೂರ ಕೊಡುವಷ್ಟು ತೃಪ್ತಿಯನ್ನು ಹತ್ತನೆಯದು ಕೊಡುವುದಿಲ್ಲ. ಹಾಗಾದರೆ ಆಪಾಳ ಹತ್ತನೇ ಖರ್ಜೂರ ಆ ಹುಡುಗಿಗೆ ಮೊದಲನೆಯದಾದರೆ ಒಟ್ಟು ತುಷ್ಟಿಗುಣ ಹೆಚ್ಚಾಗಬೇಕಲ್ಲವೇ ಎಂದು ನಮ್ಮ ಅರ್ಥಶಾಸ್ತ್ರದ ಸರ್ ಅವರನ್ನು ಕೇಳಿದೆ. ಒಬ್ಬರ ತುಷ್ಟಿಗುಣವನ್ನು ಇನ್ನೊಬ್ಬರದ್ದರ ಜೊತೆ ಅಳೆದು ಹೋಲಿಸಲು ಬರುವುದಿಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆಯಬೇಡ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಆದರೆ ಮನೆಯಲ್ಲಿ ಹೋಲಿಸು ಎಂದೂ ಅಂದರು.

ಕೊಡುವುದು ಹೇಗೆ ಎನ್ನುವುದೇ ಕಷ್ಟ. ಮುಂದಿನ ಸಲ ಅಮ್ಮಿ ಆ ಹುಡುಗಿಗೆಂದು ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆಯಲು ಹೊರಟಿದ್ದರು. ಆಪಾ ಬೇಡ ಅಂದಳು. ಹೆಸರು ಬರೆದ ಪೊಟ್ಟಣ ತೆಗೆದುಕೊಂಡರೆ ಅದು ತೆಗೆದುಕೊಂಡ ಹಾಗೆ ಆಗುತ್ತದೆ, ದೊಡ್ಡ ಡಬ್ಬಿಯಲ್ಲಿ ಎಲ್ಲ ಬಿಡಿಯಾಗಿ ಇದ್ದರೆ ಎಲ್ಲರೂ ಕೈ ಹಾಕುತ್ತಾರೆ ಅಂದಳು. ಅಂಗಡಿಯ ಹ್ಯಾಂಪರ್ ನನಗೆ ಇಷ್ಟವಾಗದಿರಲು ತೆರಿಗೆಗಿಂತ ದೊಡ್ಡ ಕಾರಣ ಇದು. ಅದರಲ್ಲಿ ಎಲ್ಲವೂ ಒಂದೊಂದೇ, ಎಣಿಸಿ ಇಟ್ಟದ್ದು. ಅದನ್ನು ಒಡೆದು ಹಂಚಲು ಬರುವುದಿಲ್ಲ. ಈಗ ಡಬ್ಬಿ ಹೋಗುವಾಗ ರೊಟ್ಟಿ ನಲವತ್ತರ ಬದಲು ಎಪ್ಪತ್ತು. ಪಾರ್ಸೆಲ್ ಬಂತು ಎಂದು ಮೆಸೇಜ್ ಬಂದರೆ ನಿಲ್ದಾಣಕ್ಕೆ ಆಪಾ ಒಬ್ಬಳೇ ಹೋಗುವುದಿಲ್ಲ, ಡಬ್ಬಿ ಭಾರ ಇದೆ ಎಂದು ಆ ಹುಡುಗಿಯನ್ನೇ ಕರೆದುಕೊಂಡು ಹೋಗುತ್ತಾಳೆ. ಇಬ್ಬರೂ ಹಿಡಿದು ತರುತ್ತಾರೆ. ಡಬ್ಬಿ ಹೊತ್ತು ತಂದವಳು ಬಿಚ್ಚುವಾಗ ಹೊರಗೆ ಹೋಗಲು ಆಗುವುದಿಲ್ಲ.

ನಮ್ಮ ಕಾಲೇಜಿನ ಹಾಸ್ಟೆಲ್‌ನಲ್ಲೂ ಬೀದರ್, ಕಲಬುರಗಿ ಕಡೆಯಿಂದ ಬಂದವರು ಇದ್ದಾರೆ, ಇಲ್ಲಿ ಸೆಹ್ರಿಗೆ ತೊಂದರೆ ಇಲ್ಲ. ಆದರೆ ನಿಮ್ಮ ಅಕ್ಕ, ಅಣ್ಣ, ಗೆಳೆಯರು ಬೇರೆ ಊರಿನ ಹಾಸ್ಟೆಲ್‌ನಲ್ಲಿದ್ದರೆ ಈಗಲೇ ಮೂರು ಮಾತು ಕೇಳಿ ಇಟ್ಟುಕೊಳ್ಳಿ: ಮೆಸ್ ಎಷ್ಟು ಗಂಟೆಗೆ ತೆರೆಯುತ್ತದೆ, ಬಿಸಿನೀರು ಸಿಗುತ್ತದೆಯೇ, ರೂಮಿನಲ್ಲಿ ಎಷ್ಟು ಜನ. ಈ ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹಣ್ಣು, ಬ್ರೆಡ್, ಚುರುಮುರಿ ಅಲ್ಲೇ ಸಿಗುತ್ತದೆ, ಅದಕ್ಕೆ ದುಡ್ಡು ಹಾಕಿ. ರೊಟ್ಟಿ, ಹಿಂಡಿ, ಪುಟಾಣಿ ಪುಡಿ ಡಬ್ಬಿಯಲ್ಲಿ ಹೋಗಲಿ. ಶಬೇ ಬರಾತ್ ಆದ ಮೇಲೆ ರಂಜಾನ್ ಚಂದ್ರನಿಗೆ ಹದಿನೈದು ದಿನ ಉಳಿದಿರುತ್ತದೆ. ಆ ಎರಡು ವಾರದಲ್ಲಿ ಒಂದು ಡಬ್ಬಿ, ಹದಿನೈದನೇ ರೋಜಾ ಹೊತ್ತಿಗೆ ಇನ್ನೊಂದು. ಒಂದೇ ಸಲ ಎಲ್ಲ ಕಳಿಸಿದರೆ ಕರಾವಳಿಯಲ್ಲಿ ರೊಟ್ಟಿ ಉಳಿಯುವುದಿಲ್ಲ.